ಲಗ್ನಪತ್ರಿಕೆಯ ಅಂಚಿನ ಚೀಟಿಗಳು

ಅವತ್ತು ನನ್ನ ಊಟದ ಡಬ್ಬಿಯಲ್ಲಿ ಚೀಟಿ ಇತ್ತು. ಅಕ್ಷರ ಇರಲಿಲ್ಲ.

ಚೀಟಿಯ ವಿಷಯ ಹೇಳದೆ ಮನೆಯವರ ಕಾಯಿಲೆಯ ವಿಷಯ ಹೇಳಲಾರೆ. ನನ್ನ ಗಂಡ ಮುರುಗೇಶ್ ಬಂಗಾರಪೇಟೆಯ ಸ್ಟೇಷನ್ ಹತ್ತಿರ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ ಇಟ್ಟಿದ್ದಾರೆ. ಕಾರ್ಡುಗಳನ್ನು ಅಳತೆಗೆ ಕತ್ತರಿಸಿದಾಗ ಎರಡು ಬೆರಳಗಲದ ಅಂಚು ಉಳಿಯುತ್ತದೆ. ಹಳದಿ, ಗುಲಾಬಿ, ಒಮ್ಮೊಮ್ಮೆ ಕೆಂಪು. ಬೇರೆಯವರಿಗೆ ಅದು ಕಸ. ಇವರು ಅದರ ಮೇಲೆ ನಾಲ್ಕು ಸಾಲು ಕವಿತೆ ಬರೆದು ಬೆಳಿಗ್ಗೆ ನನ್ನ ಡಬ್ಬಿಯ ಮುಚ್ಚಳದ ಒಳಗೆ ಸಿಕ್ಕಿಸುತ್ತಿದ್ದರು. ನಾನು ಬೇತಮಂಗಲದ ಅಂಗನವಾಡಿಯಲ್ಲಿ ಮಕ್ಕಳಿಗೆಲ್ಲ ಉಣ್ಣಿಸಿದ ಮೇಲೆ ಡಬ್ಬಿ ತೆಗೆದು, ಮೊದಲು ಕವಿತೆ ಓದಿ ಆಮೇಲೆ ಮುದ್ದೆ ಮುರಿಯುತ್ತಿದ್ದೆ. ಹತ್ತೊಂಬತ್ತು ವರ್ಷದ ಅಭ್ಯಾಸ. ನಮ್ಮ ಜಗಳ, ತೀರಿಹೋದ ಅತ್ತೆ, ಕಳೆದುಹೋದ ಕೊಡೆ, ಎಲ್ಲವೂ ಆ ಅಂಚಿನಲ್ಲಿ ಹಿಡಿಸಿದ್ದವು. ನನ್ನ ಸಾರಿನ ಮೇಲೆ ಚಾಡಿಯೂ ಇರುತ್ತಿತ್ತು.

ಅವತ್ತಿನ ಚೀಟಿಯಲ್ಲಿ ಬರೀ ಗೀಚು. ಬೆಳಿಗ್ಗೆ ನಾನು ಕೇಳಿದ್ದಕ್ಕೆ ಅವರು ಉತ್ತರವನ್ನೇ ಕೊಟ್ಟಿರಲಿಲ್ಲ. ಸಿಟ್ಟಿರಬೇಕೆಂದು ನಾನೂ ಮುಖ ಗಂಟು ಹಾಕಿಕೊಂಡು ಬಸ್ ಹತ್ತಿದ್ದೆ. ಚೀಟಿ ನೋಡಿದವಳೇ ಅವರಿಗೆ ಫೋನ್ ಮಾಡಿದರೆ, ಎತ್ತಿದ್ದು ಪ್ರೆಸ್ ಪಕ್ಕದ ಟೀ ಅಂಗಡಿಯವರು.

"ಅಕ್ಕಾ, ಬಿರ್ನೆ ಬನ್ನಿ. ಅಣ್ಣ ಬಿದ್ಬುಟ್ಟವ್ರೆ."

ಸ್ಟ್ರೋಕ್.

ಕೋಲಾರದ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು. ಮಿದುಳಿನ ಎಡಭಾಗದಲ್ಲಿ ಕ್ಲಾಟ್. ಬಲಗೈ, ಬಲಗಾಲು ಸೋತಿದ್ದವು. "ಮೊದಲ ಲಕ್ಷಣ ಯಾವಾಗ ಕಾಣಿಸ್ತು?" ಎಂದು ಡಾಕ್ಟರು ಕೇಳಿದರು. ಬೆಳಿಗ್ಗೆ ಏಳು ಗಂಟೆಗೆ, ಅವರು ಉತ್ತರ ಕೊಡದಿದ್ದಾಗಲೇ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಕಾಲು ಮೆಲ್ಲಗೆ ಬಂತು, ಕೋಲು ಹಿಡಿದು ನಡೆದರು. ಮಾತು ಬರಲಿಲ್ಲ. ಅದಕ್ಕೆ ಅಫೇಸಿಯಾ ಅನ್ನುತ್ತಾರಂತೆ.

ಸ್ಪೀಚ್ ಥೆರಪಿಯ ಹುಡುಗಿ ಮೊದಲ ದಿನವೇ ಕೇಳಿದಳು. "ಮನೇಲಿ ಯಾವ ಭಾಷೆ ಮಾತಾಡ್ತೀರಿ?"

"ಕನ್ನಡ," ಅಂದೆ.

ಸುಳ್ಳಲ್ಲ. ಆದರೆ ನಾನು ಮಾಡಿದ ತಪ್ಪು ಅದೇ. ಇವರು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಕಾರ್ಮಿಕರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ. ಈಗಲೂ ನಾವಿರುವುದು ಅಲ್ಲೇ. ತಾಯಿಯ ಮಾತು ತಮಿಳು. ನಾನು ಬೂದಿಕೋಟೆ ಕಡೆಯವಳು. ಮದುವೆಯಾದ ಹೊಸದರಲ್ಲಿ, ಅತ್ತೆಯೂ ಇವರೂ ತಮಿಳಿನಲ್ಲಿ ನಗುತ್ತಿದ್ದರೆ ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. "ಈ ಮನ್ಯಾಗೆ ಕನ್ನಡಾನೇ ಇರ್ಲಿ," ಎಂದು ಹಟ ಹಿಡಿದೆ. ಅತ್ತೆ ಹೋದ ಮೇಲೆ ತಮಿಳೂ ಹೋಯಿತು. ಇವರು ಒಂದು ದಿನವೂ ಎದುರಾಡಲಿಲ್ಲ. ಕನ್ನಡದಲ್ಲೇ ಬೈದರು, ಕನ್ನಡದಲ್ಲೇ ಬರೆದರು. ನಿಮ್ಮದು ಯಾವ ಭಾಷೆ ಎಂದರೆ ಲೈನಿನವರೆಲ್ಲ ಕೇಳುವವರ ಮುಖ ನೋಡಿ ಹೇಳುತ್ತಾರೆ. ನಾನು ನನ್ನ ಹಟ ನೋಡಿಕೊಂಡು ಹೇಳಿದ್ದೆ.

ಮೂರು ತಿಂಗಳು ಚಿತ್ರದ ಕಾರ್ಡು ಹಿಡಿದೆ. ಹಸು ಅನ್ನಿ. ಮರ ಅನ್ನಿ. ಅಂಗನವಾಡಿ ಮಕ್ಕಳಿಗೆ ಹೇಳಿಕೊಡುವ ಹಾಗೆ ರಾಗವಾಗಿ ಹೇಳಿದೆ, ಗದರಿದೆ, ಅತ್ತುಬಿಟ್ಟೆ. ಅವರು ನನ್ನ ಬಾಯನ್ನೇ ನೋಡುತ್ತಾ ಕೂರುತ್ತಿದ್ದರು. ಕೆಲಸಕ್ಕೆ ಹೋದ ದಿನ ಓದಿದ್ದನ್ನೆಲ್ಲ ಕೂಡಿಟ್ಟಿದ್ದ ಟ್ರಂಕಿನಿಂದ ಒಂದು ಹಳೆಯ ಚೀಟಿ ತೆಗೆದು ನಾನೇ ಡಬ್ಬಿಗೆ ಹಾಕಿಕೊಳ್ಳುತ್ತಿದ್ದೆ. ಮಧ್ಯಾಹ್ನ ಓದುವಾಗ ಅವರ ದನಿ ಬೇಕೆನಿಸುತ್ತಿತ್ತು. ಬೈಗುಳವಾದರೂ ಸರಿ, ಒಂದು ಸಲ "ಸರೋಜಾ" ಅಂದರೆ ಸಾಕಿತ್ತು.

ನಮ್ಮಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಲೈನೆಲ್ಲ ಎದ್ದು ಓಡುತ್ತದೆ. ಒಂದು ಬೆಳಿಗ್ಗೆ ಪಕ್ಕದ ಮನೆ ಸೆಲ್ವಿ ಕೂಗಿದಳು. "ಅಕ್ಕಾ, ತಣ್ಣಿ ವಂದುಡುಚ್ಚು!"

ಒಳಗಿಂದ ಒಂದು ದನಿ ಬಂತು.

"ಅಮ್ಮಾ... ಕೊಡಂ."

ನೀರು ಬಂತು, ಕೊಡ ತಗೋ ಎಂದು ಇವರು ತಾಯಿಗೆ ತಮಿಳಿನಲ್ಲಿ ಹೇಳುತ್ತಿದ್ದ ಮಾತು. ಕೈಯಲ್ಲಿದ್ದ ಬಿಂದಿಗೆ ಬಿಟ್ಟು ಒಳಗೆ ಓಡಿದೆ. ಸಂತೋಷಕ್ಕೆ ಅತ್ತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಹೊಟ್ಟೆಕಿಚ್ಚಿಗೂ ಅತ್ತೆ. ಮೂರು ತಿಂಗಳು ಕಾದವಳು ನಾನು. ಮೊದಲ ಮಾತು ಸತ್ತ ಅತ್ತೆಗೆ ಹೋಯಿತು.

ನಮ್ಮಕ್ಕ ಬೂದಿಕೋಟೆಯಿಂದ ಫೋನಿನಲ್ಲೇ ಗದರಿದಳು. "ಯಾವ್ ಭಾಷೆ ಆದ್ರೇನ್ಲೇ? ಬಾಯ್ ಬಂತಲ್ಲ. ಸುಮ್ಕೆ ಕೈ ಮುಗಿ."

ಥೆರಪಿಯ ಹುಡುಗಿ ಮಾತ್ರ ಪೆನ್ ಕೆಳಗಿಟ್ಟು ನನ್ನನ್ನು ನೋಡಿದಳು. "ಇದನ್ನ ಮೊದ್ಲೇ ಹೇಳ್ಬೇಕಿತ್ತಲ್ವಾ? ಕೆಲವರಿಗೆ ಮೊದಲು ಕಲಿತ ಭಾಷೆ ಮೊದಲು ವಾಪಸ್ ಬರುತ್ತೆ. ಕನ್ನಡಾನೂ ಬರ್ಬಹುದು. ಗ್ಯಾರಂಟಿ ಕೊಡೋಕಾಗಲ್ಲ."

ಆಮೇಲೆ ನಾನು ಸೆಲ್ವಿಯ ಹತ್ತಿರ ತಮಿಳು ಕಲಿಯಲು ಕೂತೆ. ಹತ್ತೊಂಬತ್ತು ವರ್ಷ ಲೈನಿನಲ್ಲಿ ಕಿವಿಗೆ ಬಿದ್ದದ್ದು ಬಾಯಿಗೆ ಬರಲು ಹಟ ಮಾಡಿತು. ಇವರಿಗೆ ದಿನಕ್ಕೊಂದೆರಡು ಪದ ಕೂಡುತ್ತಿದ್ದವು. ನನ್ನ ಉಚ್ಚಾರಕ್ಕೆ ಸೊಟ್ಟ ಬಾಯಲ್ಲೇ ನಗುತ್ತಿದ್ದರು. ಆ ನಗು ನನ್ನ ಮೇಲೇ ಎಂದು ಈಗ ಖಾತ್ರಿ. ಬೇಜಾರಿಲ್ಲ.

ಹೋದ ವಾರ ಟ್ರಂಕಿನಿಂದ ಒಂದು ಹಳದಿ ಚೀಟಿ ತೆಗೆದೆ.

ನೀರು ಬಿಡುವ ದಿನ ಸಾಲಿನಲ್ಲಿ
ನಿನ್ನ ಬಿಂದಿಗೆ ಕೊನೆಯದು.
ಅದು ತುಂಬುವವರೆಗೂ
ನಾನೂ ಖಾಲಿ.

ಕನ್ನಡದಲ್ಲಿ ಓದಲಿಲ್ಲ. ಪಕ್ಕದಲ್ಲಿ ಕೂತು, ಒಂದೊಂದೇ ಸಾಲನ್ನು ನನ್ನ ಹರಕು ತಮಿಳಿಗೆ ತಿರುಗಿಸಿ ಹೇಳಿದೆ. ಮೊದಲ ಸಾಲು ಹೇಗೋ ದಾಟಿತು. ಎರಡನೆಯದಕ್ಕೆ "ಉನ್ ಕೊಡಂ ಕಡೈಸಿ" ಅಂದೆ. ಮೂರನೆಯದರಲ್ಲಿ 'ತುಂಬು'ವಿಗೆ ತಮಿಳು ಹೊಳೆಯದೆ, ಕನ್ನಡದ ಮಾತಿಗೇ ತಮಿಳಿನ ಬಾಲ ಕಟ್ಟಿ "ಅದು ತುಂಬುರ..." ಎಂದು ತಡವರಿಸಿದೆ.

"ನೆರಂಬುರ," ಎಂದು ತಿದ್ದಿದರು. ಪ್ರೂಫ್ ನೋಡುವಾಗಿನ ಅದೇ ಗತ್ತು.

ಅವರ ಕಣ್ಣು ಚೀಟಿಯ ಮೇಲಿರಲಿಲ್ಲ, ಬಾಗಿಲಾಚೆಯ ಬಿಂದಿಗೆಗಳ ಮೇಲಿತ್ತು.

"ನಾನುಂ ಕಾಲಿ," ಅಂದರು.

ಆ ಸಾಲನ್ನು ನಾನಿನ್ನೂ ಹೇಳಿರಲಿಲ್ಲ.

ಕನ್ನಡ ಇನ್ನೂ ಬಂದಿಲ್ಲ. ನನ್ನ ಹೆಸರೂ ಬಂದಿಲ್ಲ. ತಾಯಿಯನ್ನು ಕರೆದ ಹಾಗೆ ನನ್ನನ್ನೂ ಅಮ್ಮಾ ಎಂದೇ ಕರೆಯುತ್ತಾರೆ. ಓಗೊಡುತ್ತೇನೆ. ಪ್ರೆಸ್ಸಿನಿಂದ ಅಂಚುಗಳ ಒಂದು ಕಟ್ಟು ತರಿಸಿ ಅವರ ಎಡಗೈ ಹತ್ತಿರ ಇಟ್ಟಿದ್ದೇನೆ. ಯಾವ ಭಾಷೆಯಲ್ಲಾದರೂ ಬರೆಯಲಿ, ಸೆಲ್ವಿಯ ಹತ್ತಿರ ಓದಿಸಿಕೊಂಡೇನು. ಈಗಂತೂ ಡಬ್ಬಿಗೆ ಚೀಟಿ ಹಾಕಿಕೊಳ್ಳುವವಳು ನಾನೇ. ಆದರೂ ಮಧ್ಯಾಹ್ನ ಮುಚ್ಚಳ ತೆಗೆಯುವಾಗ, ಅದರ ಕೆಳಗೆ ಇನ್ನೊಂದು ಇದೆಯೇ ಎಂದು ಬೆರಳಾಡಿಸಿ ನೋಡುತ್ತೇನೆ.