ರಂಗಮ್ಮನ ಬೆರಳು, ನನ್ನ ಪಿಎಚ್.ಡಿ.

ಮೊನ್ನೆ ಗುರುವಾರ ಕಾಮಾಕ್ಷಿಪಾಳ್ಯದಲ್ಲಿ ನನ್ನ ಸ್ಕೂಟರ್ ಪಂಕ್ಚರ್ ಆಯ್ತು. ಪಂಕ್ಚರ್ ಅಂಗಡಿಯ ಪಕ್ಕದಲ್ಲೇ ರೇಷನ್ ಅಂಗಡಿ. ಅಲ್ಲಿನ ಕ್ಯೂನಿಂದ ಒಂದು ದನಿ ಬಂತು: "ಸಾರ್, ನಾನು ಸಾರ್, ಕೆಮಿಸ್ಟ್ರಿ ಲ್ಯಾಬ್ ರಂಗಮ್ಮ."

ಮರೆಯುವುದುಂಟೇ? ನಮ್ಮ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಗಾಜಿನ ಬೀಕರುಗಳನ್ನು ತೊಳೆದವರು. ಈಗ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುತ್ತಾರಂತೆ. ಅಷ್ಟರಲ್ಲಿ ಅವರ ಸರದಿ ಬಂತು. ಬೆರಳಚ್ಚು ನೋಡುವ ಯಂತ್ರದ ಮೇಲೆ ಹೆಬ್ಬೆರಳು ಇಟ್ಟರು. ಕೆಂಪು ದೀಪ. ಮತ್ತೆ ಇಟ್ಟರು. ಮತ್ತೆ ಕೆಂಪು.

ಹಿಂದಿದ್ದ ಹೆಂಗಸು, "ತಲೆಗೆ ಉಜ್ಜಕ್ಕ, ಒಸಿ ಎಣ್ಣೆ ಅಂಟ್ಲಿ" ಅಂದಳು. (ಯಾವ ಜರ್ನಲ್‌ನಲ್ಲೂ ಓದಿಲ್ಲ, ಆದರೆ ಎಷ್ಟೋ ಸಲ ಕೆಲಸ ಮಾಡುವ ಉಪಾಯ.) ರಂಗಮ್ಮ ಉಜ್ಜಿದರು. ಕೆಲಸ ಮಾಡಲಿಲ್ಲ.

ಅಂಗಡಿಯವರು ಒಳ್ಳೆಯವರು. ಹತ್ತೂ ಬೆರಳು ಇಡಿಸಿ ನೋಡಿದರು. "ಏನ್ಮಾಡ್ಲಿ ಅಮ್ಮ, ತಗೋತಿಲ್ಲ. ಮೂರನೇ ಸಲ ಬಂದಿದೀರ. ಈ ತಿಂಗಳೊಳಗೆ ಬೆರಳು ಬರ್ಲಿಲ್ಲ ಅಂದ್ರೆ ಕಾರ್ಡಿಂದ ಹೆಸರೇ ಹೋಗುತ್ತೆ" ಅಂದರು. ಆ ಕಾರ್ಡಿನಲ್ಲಿರುವುದು ರಂಗಮ್ಮನ ಹೆಸರೊಂದೇ. ಕೈ ಕೆಸರಾದರೆ ಬಾಯಿ ಮೊಸರು ಅಂತೀವಿ. ಇಲ್ಲಿ ಕೈ ಸವೆಸಿದವರಿಗೇ ಅಕ್ಕಿ ಇಲ್ಲ.

ನನ್ನ ಕಸುಬು ಏನು ಅಂತ ನಿಮಗೆ ಗೊತ್ತಲ್ಲ? ಬಯೋಮೆಟ್ರಿಕ್ಸ್ ಪ್ರೊಫೆಸರ್. ಬೆರಳಿನ ಗೆರೆ ನೋಡಿ ಇವರು ಇಂಥವರೇ ಎಂದು ಹೇಳುವುದನ್ನು ಕಂಪ್ಯೂಟರ್‌ಗೆ ಕಲಿಸುವ ಕೆಲಸ. ಪಿಎಚ್.ಡಿ. ಮಾಡುವಾಗ ನನಗೆ ಬೆರಳಚ್ಚು ಬೇಕಿತ್ತು. ಕಾಲೇಜಿನಲ್ಲಿ ಒಬ್ಬೊಬ್ಬರನ್ನೂ ಗೋಗರೆದೆ. ಹುಡುಗರು ಕಾಫಿ ಕೊಡಿಸಿದರೆ ಮಾತ್ರ ಬರುತ್ತಿದ್ದರು. ಏನೂ ಕೇಳದೆ, ಸೆರಗಿಗೆ ಕೈ ಒರೆಸಿಕೊಂಡು ಎಲ್ಲರಿಗಿಂತ ಮೊದಲು ಬಂದವರು ರಂಗಮ್ಮ. "ಓದೋ ಕೆಲ್ಸಕ್ಕೆ ತಾನೆ, ತಗೊಳ್ಳಿ ಸಾರ್" ಅಂದಿದ್ದರು.

ಆಮೇಲೆ ಏನಾಯ್ತು? ಆಸಿಡ್ಡು, ಸೋಪು ತಿಂದ ಬೆರಳು. ಗೆರೆಗಳು ಮಸುಕಾಗಿದ್ದವು. ನನ್ನ ಪ್ರೋಗ್ರಾಂ ಅವರನ್ನು ಗುರುತಿಸಲಿಲ್ಲ. ನನ್ನ ಗೈಡ್ ನೋಡಿ, "ಬ್ಯಾಡ್ ಸ್ಯಾಂಪಲ್ ಕಣಯ್ಯ, ತೆಗೆದುಹಾಕು. ರಿಸಲ್ಟ್ ಕೆಡುತ್ತೆ" ಅಂದರು. ನಮ್ಮಲ್ಲಿ ಇದನ್ನು ಯಾರೂ ಮೋಸ ಅನ್ನುತ್ತಿರಲಿಲ್ಲ. ಪದ್ಧತಿ ಅನ್ನುತ್ತಿದ್ದರು. ಒಂದೊಂದಾಗಿ ಅಳಿಸಿದೆ. ಮೊದಲು ರಂಗಮ್ಮ ಹೋದರು, ತೋಟದ ಮಾಲಿ ಹೋದರು, ಕ್ಯಾಂಟೀನಿನ ಭಟ್ಟರು ಹೋದರು. ಉಳಿದದ್ದು ಪೆನ್ನಿಗಿಂತ ಭಾರದ್ದನ್ನು ಎತ್ತದ ಹುಡುಗರ ಬೆರಳು. ರಿಸಲ್ಟ್ ಅದ್ಭುತವಾಗಿ ಬಂತು. ಶಾಲು ಹೊದಿಸಿದರು, ಬಡ್ತಿ ಸಿಕ್ಕಿತು. ಅದೇ ಪಾಠವನ್ನು ನನ್ನ ವಿದ್ಯಾರ್ಥಿಗಳಿಗೂ ಹೇಳಿಕೊಟ್ಟೆ. ಅವರಲ್ಲಿ ಕೆಲವರು ಈಗ ಇಂಥ ಯಂತ್ರಗಳಿಗೆ ಪ್ರೋಗ್ರಾಂ ಬರೆಯುತ್ತಾರೆ.

ಯಂತ್ರವನ್ನು ಬೈದು ಮನೆಗೆ ಹೋಗಬಹುದಿತ್ತು. ಆದರೆ ರಂಗಮ್ಮನಂಥವರ ಬೆರಳನ್ನು ನಾವು ಅದಕ್ಕೆ ತೋರಿಸಿದ್ದರೆ ತಾನೆ ಅದು ಗುರುತಿಸುವುದು? ನನಗೆ ನಾಚಿಕೆಯಾಯಿತು. ಸ್ಕೂಟರ್ ಚಕ್ರವನ್ನೇ ನೋಡುತ್ತಾ ನಿಂತೆ.

ರಂಗಮ್ಮ ಖಾಲಿ ಚೀಲ ಮಡಚಿಕೊಂಡು ಹತ್ತಿರ ಬಂದರು. "ಸಾರ್, ಆವಾಗ ನನ್ ಬೆರಳು ತಗೊಂಡಿದ್ರಲ್ಲ, ನಿಮ್ ಕಂಪ್ಯೂಟರ್‌ನಲ್ಲಿ ಇರುತ್ತಲ್ವಾ? ಆವಾಗ ಇಷ್ಟು ಸವೆದಿರ್ಲಿಲ್ಲ. ಅದನ್ನ ಇವ್ರಿಗೆ ಕೊಡಿ ಸಾರ್. ನಾನೇ ಅಂತ ಗೊತ್ತಾಗುತ್ತೆ."

"ಹುಡುಕ್ತೀನಿ ರಂಗಮ್ಮ" ಅಂದೆ. ಧೈರ್ಯ ಸಾಲದೆ ಹೇಳಿದ ಸುಳ್ಳು.

ಅವರು ನಂಬಿದರು. "ದೇವ್ರು ನಿಮ್ಗೆ ಒಳ್ಳೇದ್ ಮಾಡ್ಲಿ. ಸೋಮವಾರ ಕಾಲೇಜಿಗೇ ಬರ್ತೀನಿ ಸಾರ್" ಅಂದು ಹೊರಟರು.

ನೀವು ಈ ಅಂಕಣ ಓದುತ್ತಿರುವುದು ಭಾನುವಾರ. ನಾಳೆ ರಂಗಮ್ಮ ಬರುತ್ತಾರೆ. "ಮೊದಲು ಬೆರಳು ಕೊಟ್ಟವರೂ ನೀವೇ, ನಾನು ಮೊದಲು ಅಳಿಸಿದ್ದೂ ನಿಮ್ಮದನ್ನೇ" ಅಂತ ಅವರಿಗೆ ಯಾವ ಬಾಯಲ್ಲಿ ಹೇಳಲಿ?