ಕೊಲ್ಹಾರದಲ್ಲಿ ಚೇಳು ಕಡಿದಾಗ

“ನಮ್ಮ ಮನಿ ಏನು ಖಾನಾವಳಿ ಅಂತ ತಿಳದೀರೇನ್ರಿ?”

ಹೋದ ತಿಂಗಳು ಕೊಲ್ಹಾರದ ಮಲ್ಕಪ್ಪ ಗೌಡರು ನನ್ನನ್ನು ಹೀಗೆ ತರಾಟೆಗೆ ತೆಗೆದುಕೊಂಡಾಗ ನಾನು ತೆಪ್ಪಗೆ ಚಹಾ ಕುಡಿಯುತ್ತಿದ್ದೆ. (ಚಹಾ ಅವರದೇ!)

ಪ್ಲಾನ್ ನನ್ನದಾಗಿರಲಿಲ್ಲ. ಗೌಡರ ತಮ್ಮನ ಹೆಂಡತಿ ನೀಲವ್ವನದು. ಹೊರಗಿನವರನ್ನು ಊರಿಗೆ ಕರೆಯೋಣ, ನಮ್ಮ ನಮ್ಮ ಮನೆಗಳಲ್ಲೇ ಇರಿಸಿಕೊಳ್ಳೋಣ, ರೊಟ್ಟಿ, ಗಡಿಗೆ ಮೊಸರು ಉಣಿಸೋಣ, ಅವರು ಕೊಟ್ಟದ್ದರಲ್ಲಿ ಊರಿಗೇನಾದರೂ ಮಾಡೋಣ. ಕೃಷ್ಣೆಗೆ ಕಟ್ಟುತ್ತಿರುವ ಆಣೆಕಟ್ಟು ಮುಗಿದರೆ ಈ ಊರು ಮುಳುಗುತ್ತದೆಂಬ ಮಾತು ಬೇರೆ ಇದೆಯಲ್ಲ?

“ಮುಳುಗೂದ್ರೊಳಗ ನಾಕ ಮಂದಿ ನೋಡ್ಕೊಂಡ್ ಹೋಗ್ಲಿ ಬಿಡ್ರಿ ಬಾವಾರ,” ಎಂದಳು ನೀಲವ್ವ. (ತಲೆ ತುಂಬ ಸೆರಗು. ಮಾತು ಮಾತ್ರ ಖಡಕ್.)

ಗೌಡರು ಎದ್ದು ಹೋದರು.

ಕಳೆದ ಶನಿವಾರ ಮೊದಲ ಅತಿಥಿಗಳು ಬಂದರು. ನಾನೇ ಕರೆತಂದಿದ್ದ ಮೈಸೂರಿನ ಗೆಳೆಯ ಶ್ರೀನಿವಾಸ, ಅವನ ಹೆಂಡತಿ ಶಾರದಮ್ಮ. ನೀಲವ್ವನ ಮನೆಯಲ್ಲೇ ಇಳಿದರು. ಬೆಳಿಗ್ಗೆ ಕೃಷ್ಣೆಯಲ್ಲಿ ಹರಗೋಲು, ಮಧ್ಯಾಹ್ನ ಬದನೆ ಎಣ್ಣೆಗಾಯಿ. ಎಲ್ಲ ಸುಸೂತ್ರ. ಶಾರದಮ್ಮನವರಿಗೆ ಹುರುಪು ಬಂತು. ಒಲೆಗೆ ಕುಳ್ಳು (ಬೆರಣಿ) ತರುತ್ತೇನೆಂದು ಹಿತ್ತಿಲಿಗೆ ಹೋದವರು ಕುಳ್ಳಿನ ಬಣವೆಗೆ ಕೈ ಹಾಕಿದರು.

ಚೇಳು ಕಡಿಯಿತು.

ಅವರ ಚೀರಾಟಕ್ಕೆ ಓಣಿಯೇ ಕೂಡಿತು. ನೀಲವ್ವನ ಮುಖ ಬಿಳಿಚಿಕೊಂಡಿತು. ಈಕೆಗೆ ಏನಾದರೂ ಆದರೆ? ಮತ್ತೆ ಯಾರು ಬಂದಾರು ಈ ಊರಿಗೆ?

ಎಲ್ಲರಿಗಿಂತ ಮೊದಲು ಓಡಿ ಬಂದವರು ಯಾರು ಗೊತ್ತೆ? ಮಲ್ಕಪ್ಪ ಗೌಡರು! ರಸ್ತೆಗಿಳಿದು, ಹೊರಟಿದ್ದ ಲಾರಿಯೊಂದನ್ನು ಅಡ್ಡಗಟ್ಟಿ, ಡ್ರೈವರನನ್ನು ಗದರಿಸಿ, ನಮ್ಮನ್ನೆಲ್ಲ ಹತ್ತಿಸಿ ತಾವೂ ಹತ್ತಿದರು. ಬಾಗೇವಾಡಿಯ ದವಾಖಾನೆಯವರೆಗೂ ನೀಲವ್ವ ಶಾರದಮ್ಮನವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಅಳಬ್ಯಾಡ್ರಿ ಅಕ್ಕಾರ, ನಾ ಇಲ್ಲೇ ಅದೀನಲ್ರಿ,” ಎನ್ನುತ್ತ ತಾನೇ ಅಳುತ್ತಿದ್ದಳು.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ಉರಿ ಇಳಿಯಿತು. ಶ್ರೀನಿವಾಸ ಬಿಜಾಪುರದ ಬಸ್ಸು ಯಾವಾಗ ಎಂದು ವಿಚಾರಿಸತೊಡಗಿದ. ಶಾರದಮ್ಮ ಕೇಳಬೇಕಲ್ಲ!

“ನೀವು ಬೇಕಾದ್ರೆ ಹೋಗಿ. ನಾನು ನೀಲವ್ವನ ಮನೆಗೇ ಹೋಗ್ತೀನಿ. ರೊಟ್ಟಿ ಬಡಿಯೋದು ಇನ್ನೂ ಕಲಿಬೇಕು.”

ಗೌಡರು ಗಂಟಲು ಸರಿಮಾಡಿಕೊಂಡರು. “ತಂಗೀ, ನಾಳಿ ಊಟ ನಮ್ಮ ಮನ್ಯಾಗ ಮಾಡ್ರಿ. ಕುಳ್ಳಿನ ಬಣವಿ ಕಡೆ ಮಾತ್ರ ಹೋಗಬ್ಯಾಡ್ರಿ.”

ನೋವಿನಲ್ಲೂ ಶಾರದಮ್ಮ ನಕ್ಕರು. ನಮಗೆಲ್ಲ ಜೀವ ಬಂದಂತಾಯಿತು.

ನಾನು ಆ ಓಣಿಗೆ ಋಣಿ. ಗೆಳೆಯನ ಹೆಂಡತಿಯನ್ನು ಪರವೂರಿಗೆ ಕರೆತಂದ ಭಾರ ನನ್ನೊಬ್ಬನದೇ ಎಂದುಕೊಂಡಿದ್ದೆ. ನಾನು ಕೇಳುವ ಮೊದಲೇ ಅವರೆಲ್ಲ ಅದಕ್ಕೆ ಹೆಗಲು ಕೊಟ್ಟಿದ್ದರು.

ಟೂರಿಸಂ ಬೆಳೆಯಬೇಕಾದರೆ ಮೊದಲು ದೊಡ್ಡ ಲಾಡ್ಜು ಕಟ್ಟಬೇಕು ಎನ್ನುವವರಿಗೆ ನನ್ನದೊಂದೇ ಪ್ರಶ್ನೆ: ನೀವು ಅತ್ತರೆ ಜೊತೆಗೆ ಅಳುವ ಮ್ಯಾನೇಜರು ಯಾವ ಲಾಡ್ಜಿನಲ್ಲಿದ್ದಾನೆ?