ಒಪ್ಪೊತ್ತು ಅಂತ ಹೇಳಿದ್ದಕ್ಕೆ

ವಿಯೆಟ್ನಾಮಿನಲ್ಲಿ ನನ್ನ ಉಸಿರು ಕಟ್ಟಿದ್ದು ಭಾಷೆ ಬಾರದ್ದಕ್ಕಲ್ಲ, ನಮ್ಮ ಮರ್ಯಾದೆಯಿಂದ. ಕೇಳಿದವರಿಗೆಲ್ಲ ಸೊಸೆ ತಪ್ಪನ್ನು ಭಾಷೆಯ ಮೇಲೆ ಹಾಕುತ್ತಾಳೆ. ಹಾಕಲಿ. ಊದಿದ್ದು ನನ್ನ ತುಟಿ, ನನಗೆ ಗೊತ್ತು.

ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದಾಗಿನಿಂದ ಕುದಿಯುವ ನೀರಿನ ಮುಂದೆ ಕೂತು ಗೂಡಿನಿಂದ ರೇಷ್ಮೆ ಬಿಚ್ಚಿದವಳು ನಾನು. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಬೆಂದ ಹುಳದ ಹಬೆ ಕುಡಿದೂ ಕುಡಿದೂ ಎದೆ ಕೆಟ್ಟಿತು. ಹುಳ ಮುಟ್ಟಿದರೆ ಕೈಗೆ ದದ್ದು, ಹಬೆ ತಾಗಿದರೆ ಗೂರಲು. ಚಿಕ್ಕಬಳ್ಳಾಪುರದ ಡಾಕ್ಟರು, "ಆ ಹುಳ ನಿಮ್ ಮೈಗೆ ವಿಷ ಕಣಮ್ಮ, ದೂರ ಇರಿ" ಎಂದರು. ಇದ್ದೆ. ನಮ್ಮಲ್ಲಿ ಅದು ಮೀನಿನ ಮೇವಿಗೆ ಹೋಗುತ್ತದೆ, ಮನುಷ್ಯರು ತಿನ್ನುವುದಿಲ್ಲ. ಹಾಗಾಗಿ ಊಟದ ಭಯ ಇರಲಿಲ್ಲ.

ಅಲ್ಲಿ ತಿನ್ನುತ್ತಾರೆ. ಹೊಸ ಮೆಷಿನ್ನು ನೋಡಲು ನಮ್ಮ ಕಡೆಯ ನೂಲು ಬಿಚ್ಚುವ ರೀಲರುಗಳು ಗುಂಪಾಗಿ ಹೊರಟಾಗ, ಕೆಲಸ ಬಿಟ್ಟು ಬರಲಾಗದ ಮಗ, ಸೊಸೆಯ ಜೊತೆಗೆ ನನ್ನನ್ನು ವಿಮಾನ ಹತ್ತಿಸಿದ. ರೇಷ್ಮೆ ಬಿಚ್ಚುವ ಹಳ್ಳಿಯೊಂದರಲ್ಲಿ ಒಬ್ಬ ಹೆಂಗಸಿನ ಮನೆಯಲ್ಲಿ ನಮ್ಮಿಬ್ಬರ ವಾಸ. ನನ್ನ ವಯಸ್ಸಿನವಳೇ. ಅವಳ ಬೆರಳ ತುದಿಗಳೂ ನನ್ನವುಗಳಂತೆಯೇ ಬಿಸಿನೀರಿಗೆ ಸವೆದಿದ್ದವು.

ಮಧ್ಯಾಹ್ನ ಊಟಕ್ಕೆ ಕೂತರೆ ತಟ್ಟೆ ತುಂಬ ಹುರಿದ ಹುಳ. ಬಂದವರಿಗೆಂದು ವಿಶೇಷವಾಗಿ ಮಾಡಿದ್ದಳು. ಸೆರಗು ಮೂಗಿಗೆ ಹಿಡಿದೆ.

"ಕಾಯ್ಲೆ ಅಂತ ಹೇಳೇ," ಎಂದೆ ಸೊಸೆಗೆ.

"ಅವ್ರ್ ಮನೇಲೇ ಕೂತ್ಕೊಂಡು ನಿಮ್ ಅಡಿಗೆ ವಿಷ ಅಂತಾರಾ ಅತ್ತೆ? ಬಾಗುಂಡದು, ಚೆನ್ನಾಗಿರಲ್ಲ. ನಾನ್ ಹೇಳ್ತೀನಿ, ಸುಮ್ನಿರಿ."

ನಮ್ಮ ಗುಂಪನ್ನು ಕರೆದುಕೊಂಡು ತಿರುಗುತ್ತಿದ್ದ ಆ ದೇಶದ ಹುಡುಗಿಗೆ ತನ್ನ ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು: ಅತ್ತೆಗೆ ಇವತ್ತು ಒಪ್ಪೊತ್ತು, ದೇವರ ವ್ರತ, ಹುಳ ಆಗೋದಿಲ್ಲ. ಸಾದಲಿಯ ನೆಂಟರ ಮನೆಯಲ್ಲಾದರೂ ನಾವು ಹೇಳುವುದು ಹಾಗೆಯೇ. ಕಾಯಿಲೆ ಎಂದರೆ ಅಡಿಗೆಯವಳಿಗೆ ನೋವು, ವ್ರತ ಎಂದರೆ ಯಾರಿಗೂ ಇಲ್ಲ.

ಹುಡುಗಿ ಅದನ್ನು ಅವರ ಭಾಷೆಗೆ ತಿರುಗಿಸಿದಳು. ಮನೆಯಾಕೆ ಭಕ್ತಿಯಿಂದ ತಲೆ ಬಗ್ಗಿಸಿ ಆ ತಟ್ಟೆ ಎತ್ತಿಕೊಂಡು ಹೋದಳು, ಬಿಸಿಬಿಸಿ ಸೊಪ್ಪು ಬಾಡಿಸಿ ತಂದಳು. ಹುಳ ಹುರಿದ ಬಾಣಲೆ, ಅದೇ ಎಣ್ಣೆ. ನಮ್ಮಲ್ಲಾದರೆ ಮಡಿ ಎಂದು ಬಾಣಲೆ ತೊಳೆಯುತ್ತಿದ್ದರು. ಅಲ್ಲಿ ತಟ್ಟೆಯಲ್ಲಿ ಹುಳ ಇಲ್ಲದಿದ್ದರೆ ವ್ರತಕ್ಕೆ ಸಾಕು. ಹುಳದ ವಾಸನೆ ಮನೆಯೆಲ್ಲ ತುಂಬಿತ್ತು, ಸೊಪ್ಪಿನಿಂದಲೂ ಬರುತ್ತಿದೆಯೆಂದು ನನಗೆ ಹೊಳೆಯಲಿಲ್ಲ. ಎರಡು ತುತ್ತಿಗೆ ನಾಲಿಗೆ ತುರಿಸಿತು, ಆಮೇಲೆ ತುಟಿ ಊದಿತು, ಆಮೇಲೆ ಗಂಟಲು.

ವ್ಯಾನಿನಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋಗಿ ಇಂಜೆಕ್ಷನ್ ಕೊಡಿಸಿದರು. ಉಸಿರು ಬಂದ ಮೇಲೆ ಸಂಜೆ ಮನೆಗೆ ಕರೆತಂದು ಮಲಗಿಸಿದರು. ಮನೆಯಾಕೆ ಪಕ್ಕದಲ್ಲೇ ಕೂತು ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದಳು.

"ದೇವ್ರಿಗೆ ಸಿಟ್ಟು ಬಂತಾ ಅಂತ ಕೇಳ್ತಾವ್ರೆ ಅತ್ತೆ," ಎಂದಳು ಸೊಸೆ, ಆ ಹುಡುಗಿ ಹೇಳಿದ್ದನ್ನು ನನಗೆ ತಿರುಗಿಸಿ, ಮೂಗು ಒರೆಸಿಕೊಳ್ಳುತ್ತ.

"ನಿಜ ಹೇಳು ಈಗಾದ್ರೂ."

"ಈಗ್ ಹೇಳಿದ್ರೆ ಆಗ ಸುಳ್ಳು ಹೇಳ್ದೆ ಅಂತಾಗಲ್ವಾ?"

"ಇನ್ನೂ ಮೂರ್ ದಿನ ಅವರ ಮನೇಲೇ ತಿನ್ಬೇಕಲ್ಲೇ. ದಿನಾ ಒಪ್ಪೊತ್ತಾ ನಂಗೆ? ಸಾಯೋಗಂಟ ಇರ್ಲಾ?"

ಸೊಸೆ ಹೊದಿಕೆ ಎಳೆದು ನನ್ನ ಮೇಲೆ ಹಾಕಿದಳು. ನನಗೂ ಜಗಳಕ್ಕೆ ಶಕ್ತಿ ಇರಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದೆ.

ಬೆಳಿಗ್ಗೆ ಸೊಸೆ ಏಳುವ ಮುಂಚೆ ಎದ್ದು ಅಡಿಗೆಮನೆಗೆ ಹೋದೆ. ಮನೆಯಾಕೆ ಒಲೆ ಹಚ್ಚುತ್ತಿದ್ದಳು. ಬಾಗಿಲಲ್ಲೇ ನಿಂತು ಬುಟ್ಟಿಯಲ್ಲಿದ್ದ ಹುಳ ತೋರಿಸಿದೆ, ಊದಿದ ತುಟಿ ತೋರಿಸಿದೆ, ಗಂಟಲು ಅದುಮಿ ಹಿಡಿದು ಗೊರಗೊರ ಅಂದೆ. ಆಮೇಲೆ ಮೇಲೆ ಆಕಾಶ ತೋರಿಸಿ, ದೇವರಲ್ಲ ಎಂದು ಕೈ ಅಲ್ಲಾಡಿಸಿದೆ. ಆಕೆ ನನ್ನ ತುಟಿ ನೋಡಿದಳು, ಬುಟ್ಟಿ ನೋಡಿದಳು. ಬುಟ್ಟಿ ಎತ್ತಿ ಹಿತ್ತಲಿನಾಚೆ ಇಟ್ಟು ಬಂದಳು. ಬಾಣಲೆ ಒಲೆಯ ಮೇಲೆಯೇ ಇತ್ತು. ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಅದನ್ನು ನಲ್ಲಿಯ ಕೆಳಗಿಟ್ಟೆ, ಸೋಪು ಹಾಕಿ ಉಜ್ಜಿದೆ.